ಡ್ರ್ಯಾಗನ್ ಬೆಂಕಿಯ ಕತ್ತಿ, ತಂಗಡಿ ಕಡ್ಡಿಯ ಉಕ್ಕು

ಮರಳುಗಾಡಿನ ನಡುವೆ ಒಂದು ಡೇರೆ. ಒಂದು ಕಡೆ ಇಂಗ್ಲೆಂಡಿನ ದೊರೆ ರಿಚರ್ಡ್, ಇನ್ನೊಂದು ಕಡೆ ಸುಲ್ತಾನ ಸಲಾದೀನ್. ಕದನ ನಿಂತಿದೆ, ಔತಣ ನಡೆಯಲಿದೆ. ಯಾರ ಖಡ್ಗ ಹೆಚ್ಚು ಎಂಬ ಮಾತು ಬರುತ್ತದೆ. ರಿಚರ್ಡ್ ಎರಡೂ ಕೈಗಳಿಂದ ಹಿಡಿಯಬೇಕಾದ ತನ್ನ ಭಾರಿ ಕತ್ತಿಯನ್ನೆತ್ತಿ, ಗದೆಯೊಂದರ ಗಟ್ಟಿ ಹಿಡಿಯನ್ನು ಒಂದೇ ಏಟಿಗೆ ತುಂಡರಿಸುತ್ತಾನೆ. ಸಲಾದೀನನ ಕತ್ತಿಯೋ ತೆಳು, ಬಾಗಿದ್ದು, ಮಾಸಲು ನೀಲಿ ಬಣ್ಣದ್ದು. ಅದರ ಮೈತುಂಬ ಲೆಕ್ಕವಿಲ್ಲದಷ್ಟು ಅಂಕುಡೊಂಕು ಗೆರೆಗಳು. ಆತ ಅದರ ಅಲಗಿನ ಮೇಲೆ ತೆಳುವಾದ ಮುಸುಕಿನ ಬಟ್ಟೆಯೊಂದನ್ನು ಇಳಿಬಿಟ್ಟು ಕತ್ತಿಯನ್ನು ಸರಕ್ಕನೆ ಎಳೆಯುತ್ತಾನೆ. ಬಟ್ಟೆ ಎರಡಾಗಿ ಗಾಳಿಯಲ್ಲಿ ತೇಲುತ್ತದೆ.

ಇದು ಸ್ಕಾಟ್ಲೆಂಡಿನ ಕಾದಂಬರಿಕಾರ ವಾಲ್ಟರ್ ಸ್ಕಾಟ್ 1825ರಲ್ಲಿ ಪ್ರಕಟಿಸಿದ 'ದಿ ಟ್ಯಾಲಿಸ್ಮನ್' ಕಾದಂಬರಿಯ ಪ್ರಸಂಗ. ಇತಿಹಾಸದಲ್ಲಿ ರಿಚರ್ಡ್ ಮತ್ತು ಸಲಾದೀನ್ ಮುಖಾಮುಖಿಯಾಗಲೇ ಇಲ್ಲ. ದೂತರ ಮೂಲಕ ಮಾತಾಡಿಕೊಂಡರು, ಅಷ್ಟೆ. ಆದರೆ ಸ್ಕಾಟ್ ಕಟ್ಟಿದ ಈ ದೃಶ್ಯ ಎರಡು ಶತಮಾನಗಳಿಂದ ಜನರ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಸಿನಿಮಾ, ಟಿ.ವಿ. ಧಾರಾವಾಹಿ, ಕಂಪ್ಯೂಟರ್ ಆಟಗಳಲ್ಲಿ ಮಕ್ಕಳು ಕಾಣುವ 'ಮಧ್ಯಯುಗ'ದ ಬಹುಪಾಲು ಮಧ್ಯಯುಗದಿಂದ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಇಂಥ ಕಾದಂಬರಿಗಳಿಂದ ಬಂದದ್ದು.

ಯೂರೋಪಿನಲ್ಲಿ ಆಗ ಕಾರ್ಖಾನೆಗಳ ಹೊಗೆ ಏಳತೊಡಗಿತ್ತು. ಹೊಗೆ ಹೆಚ್ಚಿದಷ್ಟೂ ಕೋಟೆ, ಕುದುರೆ, ಕವಚಗಳ ಕಾಲದ ಮೇಲಿನ ವ್ಯಾಮೋಹವೂ ಹೆಚ್ಚಿತು. ಸ್ಕಾಟನ 'ಐವನ್‌ಹೋ' ಓದಿ ಮರುಳಾದವರು ಒಬ್ಬಿಬ್ಬರಲ್ಲ. 1839ರ ಆಗಸ್ಟಿನಲ್ಲಿ ಎಗ್ಲಿಂಟನ್ ಎಂಬಲ್ಲಿನ ಯುವ ಜಮೀನ್ದಾರನೊಬ್ಬ ತನ್ನ ಕೋಟೆಯ ಬಯಲಿನಲ್ಲಿ ನಿಜವಾದ ಅಶ್ವಯೋಧರ ಪಂದ್ಯವನ್ನೇ ಏರ್ಪಡಿಸಿದ. ಶ್ರೀಮಂತರು ಕವಚ ತೊಟ್ಟು, ಈಟಿ ಹಿಡಿದು ಬಂದರು. ಮುಂದೆ ಫ್ರಾನ್ಸಿನ ಚಕ್ರವರ್ತಿಯಾದ ಲೂಯಿ ನೆಪೋಲಿಯನ್ ಕೂಡ ಅವರಲ್ಲೊಬ್ಬ. ನೋಡಲು ಸುಮಾರು ಒಂದು ಲಕ್ಷ ಜನ ನೆರೆದಿದ್ದರು ಎಂದು ಅಂದಾಜು. ಆದರೆ ಮೆರವಣಿಗೆ ಹೊರಡುವ ಹೊತ್ತಿಗೆ ಸ್ಕಾಟ್ಲೆಂಡಿನ ಮಳೆ ಹಿಡಿದುಕೊಂಡಿತು. ಕೆಸರಿನಲ್ಲಿ ಕುದುರೆಗಳು ಹೂತವು, ವೀರರು ಛತ್ರಿ ಬಿಡಿಸಿದರು. ಪತ್ರಿಕೆಗಳು ನಕ್ಕವು. ಆದರೂ ಆ ಹುಚ್ಚು ಇಳಿಯಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಅದು ಇನ್ನೂ ದೊಡ್ಡ ಹೊಳೆಯಾಯಿತು. ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಪ್ರಾಧ್ಯಾಪಕ ಟೋಲ್ಕಿನ್ 1954–55ರಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಪ್ರಕಟಿಸಿದರು. ಮುರಿದ ಖಡ್ಗವೊಂದನ್ನು ಮತ್ತೆ ಬೆಸೆಯುವುದು ಅದರ ಕಥೆಯ ಒಂದು ಮುಖ್ಯ ಘಟನೆ. 1974ರಲ್ಲಿ ಅಮೆರಿಕದ ಇಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಮಾರುಕಟ್ಟೆಗೆ ತಂದರು. ಇಂದಿನ ಎಷ್ಟೋ ಕಂಪ್ಯೂಟರ್ ಆಟಗಳ ತಾಯಿಬೇರು ಅದು. 1996ರಲ್ಲಿ ಜಾರ್ಜ್ ಮಾರ್ಟಿನ್ ಬರೆದ ಕಾದಂಬರಿ ಮಾಲೆಯ ಮೊದಲ ಸಂಪುಟ ಬಂತು. ಅದೇ 2011ರಿಂದ 2019ರವರೆಗೆ 'ಗೇಮ್ ಆಫ್ ಥ್ರೋನ್ಸ್' ಎಂಬ ಟಿ.ವಿ. ಸರಣಿಯಾಗಿ ಲೋಕವನ್ನೆಲ್ಲ ಸುತ್ತಿತು. ಸರಣಿ ದೊಡ್ಡವರಿಗಾಗಿ ಮಾಡಿದ್ದು, ಮಕ್ಕಳೆದುರು ಹಾಕುವಂಥದ್ದಲ್ಲ. ಆದರೆ ಅದರ ಕತ್ತಿಗಳ ಹೆಸರು ಹೈಸ್ಕೂಲು ಹುಡುಗರ ಬಾಯಲ್ಲೂ ಇದೆ ಎಂಬುದನ್ನು ತಂದೆತಾಯಂದಿರು ಬಲ್ಲರು.

ಆ ಕಥೆಯಲ್ಲಿ 'ವಲೀರಿಯನ್ ಉಕ್ಕು' ಎಂಬ ಲೋಹವಿದೆ. ಹಗುರ, ಎಂದೂ ಮೊಂಡಾಗದು, ಮೈಮೇಲೆ ನೀರಿನ ಅಲೆಯಂಥ ಗೆರೆಗಳು. ಡ್ರ್ಯಾಗನ್ನಿನ ಬೆಂಕಿಯಲ್ಲಿ, ಮಂತ್ರದ ಬಲದಿಂದ, ವಲೀರಿಯಾ ಎಂಬ ನಾಡಿನಲ್ಲಿ ಅದನ್ನು ಮಾಡುತ್ತಿದ್ದರು. ಆ ನಾಡು ನಾಶವಾದಾಗ ವಿದ್ಯೆಯೂ ನಾಶವಾಯಿತು. ಈಗ ಉಳಿದಿರುವುದು ಹಳೆಯ ಕತ್ತಿಗಳು ಮಾತ್ರ. ಅವನ್ನು ಮತ್ತೆ ರೂಪಿಸಬಲ್ಲವರು ಬೆರಳೆಣಿಕೆಯಷ್ಟು ಜನ, ಹೊಸದಾಗಿ ಮಾಡಬಲ್ಲವರು ಯಾರೂ ಇಲ್ಲ.

ಡ್ರ್ಯಾಗನ್ನನ್ನೂ ಮಂತ್ರವನ್ನೂ ಬದಿಗಿಟ್ಟರೆ ಈ ಕಥೆಯಲ್ಲಿ ಉಳಿಯುವ ಎಲ್ಲವೂ ನಿಜ. ಅಲೆಗೆರೆಗಳ ಉಕ್ಕು ಇತ್ತು. ಅದರ ಕತ್ತಿಗೆ ಲೋಕವೇ ಬೆರಗಾಗಿತ್ತು. ಮಾಡುವ ವಿದ್ಯೆ ನಿಜವಾಗಿಯೂ ಅಳಿಯಿತು. ಸ್ಕಾಟ್ ವರ್ಣಿಸಿದ ಸಲಾದೀನನ ನೀಲಿ ಕತ್ತಿ ಆ ಜಾತಿಯದು. ಯೂರೋಪಿನವರು ಅದನ್ನು 'ಡಮಾಸ್ಕಸ್' ಕತ್ತಿ ಎಂದು ಕರೆದರು. ಆದರೆ ಲೋಹ ಡಮಾಸ್ಕಸ್ಸಿನದಲ್ಲ. ಹದಿನೇಳನೆಯ ಶತಮಾನದಲ್ಲಿ ಪರ್ಷಿಯಾವನ್ನೂ ಭಾರತವನ್ನೂ ಸುತ್ತಿದ ಫ್ರೆಂಚ್ ವರ್ತಕ ತಾವೆರ್ನಿಯೇ, ಇಂಥ ಗೆರೆ ಮೂಡಬಲ್ಲ ಉಕ್ಕು ಗೋಲ್ಕೊಂಡದ ಕಡೆಯಿಂದ ಬರುತ್ತದೆ ಎಂದು ಬರೆದಿಟ್ಟಿದ್ದಾನೆ. ದಖ್ಖನ್ನಿನಲ್ಲಿ, ತಮಿಳುನಾಡಿನಲ್ಲಿ, ಮೈಸೂರು ಸೀಮೆಯಲ್ಲಿ, ಸಿಂಹಳದಲ್ಲಿ ಉಕ್ಕಿನ ಗಟ್ಟಿಗಳು ತಯಾರಾಗುತ್ತಿದ್ದವು. ಹಡಗೇರಿ ಹೋದ ಆ ಗಟ್ಟಿಗಳನ್ನು ಪರ್ಷಿಯಾ ಮತ್ತು ಅರಬ್ ನಾಡಿನ ಕಮ್ಮಾರರು ಬಡಿದು ಕತ್ತಿ ಮಾಡುತ್ತಿದ್ದರು. ನಮ್ಮಲ್ಲೇ ಎಲ್ಲವೂ ಆಗುತ್ತಿತ್ತು ಎಂದು ಎದೆ ತಟ್ಟಿಕೊಳ್ಳಬೇಕಿಲ್ಲ. ಲೋಹ ಮಾಡಿದ್ದು ಒಂದು ಕೈ, ಅಲಗು ಮಾಡಿದ್ದು ಬಹುಮಟ್ಟಿಗೆ ಇನ್ನೊಂದು ಕೈ. ಎರಡೂ ಕೈಗಳಿಗೆ ಸಮನಾದ ಚಾತುರ್ಯ ಬೇಕಿತ್ತು.

ಆ ಲೋಹಕ್ಕೆ ಇಂಗ್ಲಿಷಿನಲ್ಲಿ 'ವೂಟ್ಸ್' ಎಂದು ಹೆಸರು. 1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ ಅದರ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಎಂಬಾತ ಅದನ್ನು ಪರೀಕ್ಷಿಸಿ ಬರೆದ ಲೇಖನದಲ್ಲಿ ಈ ಪದ ಅಚ್ಚಾಯಿತು. ಎಲ್ಲಿಂದ ಬಂತು ಈ ವಿಚಿತ್ರ ಪದ? 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ಪ್ರಸಿದ್ಧ ಪದಕೋಶ ಕೊಡುವ ವಿವರಣೆ ಸೊಗಸಾಗಿದೆ. ಅದು 'ವೂಕ್' ಎಂದಿರಬೇಕಾಗಿದ್ದು, ಬರಹದಲ್ಲೋ ಅಚ್ಚಿನಲ್ಲೋ ತಪ್ಪಾಗಿ 'ವೂಟ್ಸ್' ಆಗಿದೆಯಂತೆ. 'ವೂಕ್' ಎಂದರೆ ಕನ್ನಡದ 'ಉಕ್ಕು'. ಹಳ್ಳಿಯ ಕಡೆ 'ವುಕ್ಕು' ಎನ್ನುವ ಉಚ್ಚಾರಣೆ ಕೇಳಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ತೆಲುಗಿನಲ್ಲೂ ಅದು ಉಕ್ಕೇ.

ಇನ್ನು ಅದನ್ನು ಮಾಡುತ್ತಿದ್ದ ಬಗೆ. ಟಿಪ್ಪು ಮಡಿದ ಮರುವರ್ಷ, ಅಂದರೆ 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯ ಮೇರೆಗೆ ಮೈಸೂರು ಸೀಮೆಯನ್ನು ಊರೂರು ಅಲೆದ ಫ್ರಾನ್ಸಿಸ್ ಬುಕನನ್ ಈ ಕೆಲಸವನ್ನು ಕಂಡು ಬರೆದಿದ್ದಾನೆ. ಮೊದಲು ಅದಿರನ್ನು ಇದ್ದಿಲಿನೊಡನೆ ಕರಗಿಸಿ ಮೆದು ಕಬ್ಬಿಣ ತೆಗೆಯುತ್ತಿದ್ದರು. ಅದರ ತುಂಡುಗಳನ್ನು ಜೇಡಿಮಣ್ಣಿನ ಮೂಸೆಯೊಳಗೆ ಇಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ ಹಾಕಿ ಬಾಯಿಯನ್ನು ಮಣ್ಣಿನಿಂದ ಬಿಗಿಯಾಗಿ ಮುಚ್ಚುತ್ತಿದ್ದರು. ಇಂಥ ಹಲವು ಮೂಸೆಗಳನ್ನು ಗೂಡಿನಂತೆ ಜೋಡಿಸಿ, ಇದ್ದಿಲು ಸುರಿದು, ತಿದಿಯೊತ್ತಿ ಗಂಟೆಗಟ್ಟಲೆ ಉರಿಸುತ್ತಿದ್ದರು. ಆರಿದ ಮೇಲೆ ಮೂಸೆ ಒಡೆದರೆ ಒಳಗೆ ಉಕ್ಕಿನ ಪುಟ್ಟ ಗಟ್ಟಿ.

ತಂಗಡಿ ಕಡ್ಡಿ ಏಕೆ? ಲೋಹಗಳ ಪಾಠ ಓದಿದ ವಿದ್ಯಾರ್ಥಿಗೆ ಉತ್ತರ ಗೊತ್ತಿರಬೇಕು. ಮೆದು ಕಬ್ಬಿಣದಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. ಅದು ಬಾಗುತ್ತದೆ, ಅಂಚು ನಿಲ್ಲದು. ಬೀಡು ಕಬ್ಬಿಣದಲ್ಲಿ ಇಂಗಾಲ ಶೇಕಡ 3–4ರಷ್ಟು. ಅದು ಗಡಸು, ಆದರೆ ಬಿದ್ದರೆ ಒಡೆಯುತ್ತದೆ. ಎರಡರ ನಡುವೆ ಇರುವುದು ಉಕ್ಕು. ಮುಚ್ಚಿದ ಮೂಸೆಯೊಳಗೆ ಕಡ್ಡಿ, ಎಲೆ ಸುಟ್ಟು ಬೂದಿಯಾಗಲು ಗಾಳಿಯೇ ಇಲ್ಲ. ಅವು ಇದ್ದಿಲಾಗಿ, ಆ ಇಂಗಾಲ ಕಾದ ಕಬ್ಬಿಣದೊಳಕ್ಕೆ ಇಳಿಯುತ್ತದೆ. ಇಂಗಾಲ ಸೇರಿದಂತೆ ಲೋಹ ಕರಗುವ ಉಷ್ಣತೆ ಇಳಿಯುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಶೇಕಡ ಒಂದೂವರೆಯಷ್ಟು ಇಂಗಾಲ ಹೀರಿದರೆ ನೂರು ಡಿಗ್ರಿಯಷ್ಟು ಕಡಿಮೆಯಲ್ಲೇ ಕರಗುತ್ತದೆ. ಕೈತಿದಿಯ ಒಲೆಗೆ ಆ ನೂರು ಡಿಗ್ರಿಯೇ ಸಾಧ್ಯ-ಅಸಾಧ್ಯಗಳ ನಡುವಿನ ಗೆರೆ. ಮೂಸೆಯ ಮಣ್ಣಿಗೆ ಬತ್ತದ ಹೊಟ್ಟು ಬೆರೆಸುತ್ತಿದ್ದುದರಲ್ಲೂ ಲೆಕ್ಕಾಚಾರವಿದೆ. ಹೊಟ್ಟಿನಲ್ಲಿ ಸಿಲಿಕಾ ಹೇರಳ. ಹೊಟ್ಟು ಸೇರಿದ ಮಣ್ಣು ಆ ಉರಿಯನ್ನು ತಾಳಿಕೊಳ್ಳುತ್ತದೆ.

ಆ ಕುಲುಮೆಯವರಿಗೆ ಇಂಗಾಲ, ಸಿಲಿಕಾ ಎಂಬ ಹೆಸರುಗಳು ಗೊತ್ತಿರಲಿಲ್ಲ. ಯಾವ ಗಿಡದ ಕಡ್ಡಿ ಎಷ್ಟು ತೂಕ ಹಾಕಬೇಕು, ಯಾವ ಹೊತ್ತಿಗೆ ತಿದಿ ನಿಲ್ಲಿಸಬೇಕು ಎಂಬುದು ಗೊತ್ತಿತ್ತು. ತೆಲಂಗಾಣದ ಕೋನಸಮುದ್ರಂ ಎಂಬ ಹಳ್ಳಿಗೆ ಪರ್ಷಿಯಾದ ವರ್ತಕರು ಖುದ್ದಾಗಿ ಬಂದು ಉಕ್ಕು ಕೊಳ್ಳುತ್ತಿದ್ದುದನ್ನು 1820ರ ದಶಕದ ಸುಮಾರಿನಲ್ಲಿ ಅಲ್ಲಿಗೆ ಹೋಗಿದ್ದ ವಾಯ್ಸೇ ಎಂಬ ಆಂಗ್ಲ ಅಧಿಕಾರಿ ದಾಖಲಿಸಿದ್ದಾನೆ.

ಅದೇ ವರ್ಷಗಳಲ್ಲಿ ಲಂಡನ್ನಿನಲ್ಲಿ ಇನ್ನೊಬ್ಬ ಯುವಕ ಈ ಉಕ್ಕಿನ ಚೂರುಗಳನ್ನು ಹಿಡಿದು ತಲೆ ಕೆಡಿಸಿಕೊಂಡಿದ್ದ. ಅವನ ತಂದೆ ಕಮ್ಮಾರ. ಹೆಸರು ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಸಂಶೋಧನೆಗಳಿಂದ ಹೆಸರಾಗುವ ಮೊದಲು, 1819ರಿಂದ ಮೂರು ನಾಲ್ಕು ವರ್ಷ, ಆತ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕನ ಜೊತೆ ಸೇರಿ ವೂಟ್ಸ್‌ನ ಗುಟ್ಟು ಹುಡುಕಿದ. ಸ್ಟೋಡಾರ್ಟನಿಗೆ ಆ ಉಕ್ಕಿನ ಮೇಲೆ ಎಷ್ಟು ನಂಬಿಕೆಯೆಂದರೆ, ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಯೂರೋಪಿನ ಉತ್ತಮ ಉಕ್ಕಿಗಿಂತ ಅದೇ ಲೇಸೆಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ್ದ. ಗುಟ್ಟು ಅಲ್ಯುಮಿನಾ, ಸಿಲಿಕಾಗಳಲ್ಲಿದೆ ಎಂದು ಫ್ಯಾರಡೆ ಬಗೆದ. ಅದು ತಪ್ಪು. ಪ್ಯಾರಿಸ್ಸಿನ ಟಂಕಸಾಲೆಯ ಬ್ರೇಆಂ ಎಂಬಾತ ಇಂಗಾಲದ ಕಡೆ ಬೆರಳು ತೋರಿಸಿದ. ರಷ್ಯಾದ ಅನೋಸೊವ್ ವರ್ಷಗಟ್ಟಲೆ ಪ್ರಯೋಗ ನಡೆಸಿ ಅಲೆಗೆರೆಯ ಉಕ್ಕನ್ನು ಮಾಡಿ 1841ರಲ್ಲಿ ವಿವರ ಪ್ರಕಟಿಸಿದ. ಫ್ಯಾರಡೆಯ ಪ್ರಯೋಗ ವ್ಯರ್ಥವಾಗಲಿಲ್ಲ. ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ಆತ ಮಾಡಿದ ಮಿಶ್ರಣಗಳು ಮಿಶ್ರಲೋಹಗಳ ಅಧ್ಯಯನಕ್ಕೆ ಮೊದಲ ಹೆಜ್ಜೆಯಾದವು.

ಕಾಲವನ್ನು ಹೊಂದಿಸಿ ನೋಡಿದರೆ ಸೋಜಿಗವಾಗುತ್ತದೆ. ವಾಲ್ಟರ್ ಸ್ಕಾಟ್ ಸಲಾದೀನನ ಕತ್ತಿಯನ್ನು ಆರುನೂರಕ್ಕೂ ಹೆಚ್ಚು ವರ್ಷ ಹಿಂದಿನ ಅದ್ಭುತವೆಂಬಂತೆ ವರ್ಣಿಸುತ್ತಿದ್ದ ಹೊತ್ತಿನಲ್ಲಿ ಆ ಲೋಹ ಇತಿಹಾಸಕ್ಕೆ ಸೇರಿಯೇ ಇರಲಿಲ್ಲ. ಮಧುಗಿರಿಯ ಸುತ್ತಮುತ್ತ, ಕೋನಸಮುದ್ರದಲ್ಲಿ, ಮೂಸೆಗಳು ಇನ್ನೂ ಕಾಯುತ್ತಿದ್ದವು. ಕಥೆಯಲ್ಲಿ ಅದು ಮಾಯೆಯಾದ ಕೆಲವೇ ದಶಕಗಳಲ್ಲಿ ನೆಲದ ಮೇಲೆ ಅದು ಇಲ್ಲವಾಯಿತು.

ಇಲ್ಲವಾಗಲು ಕಾರಣ ಒಂದಲ್ಲ. ಕತ್ತಿಯ ಕಾಲ ಮುಗಿದು ಬಂದೂಕಿನ ಕಾಲ ಬಂದಿತ್ತು. ಇಂಗ್ಲೆಂಡಿನ ಅಗ್ಗದ ಉಕ್ಕು ಹಡಗಿನಲ್ಲಿ ಬಂದಿಳಿಯಿತು. 1856ರಲ್ಲಿ ಬೆಸೆಮರ್ ವಿಧಾನ ಬಂದ ಮೇಲಂತೂ ಮೂಸೆಯ ಪುಟ್ಟ ಗಟ್ಟಿ ಆ ಬೆಲೆಗೆ ನಿಲ್ಲುವಂತೆಯೇ ಇರಲಿಲ್ಲ. 1865 ಮತ್ತು 1878ರ ಅರಣ್ಯ ಕಾನೂನುಗಳು ಇದ್ದಿಲಿನ ಕಾಡಿಗೆ ಬೇಲಿ ಹಾಕಿದವು. 1878ರಲ್ಲೇ ಶಸ್ತ್ರಾಸ್ತ್ರ ಕಾನೂನೂ ಬಂತು. ಆ ವಿದ್ಯೆ ಪುಸ್ತಕದಲ್ಲಿ ಇರಲಿಲ್ಲ; ಕೆಲವು ಮನೆತನಗಳ ಕೈಯಲ್ಲಿ, ಕಣ್ಣಿನಲ್ಲಿ ಇತ್ತು. ಮಗ ತಿದಿ ಬಿಟ್ಟು ಕೂಲಿಗೆ ಹೋದರೆ ಅಪ್ಪನ ವಿದ್ಯೆ ಅಪ್ಪನೊಡನೆ ಮಣ್ಣಾಗುತ್ತದೆ. ಹಾಗೆಯೇ ಆಯಿತು. ಮಾರ್ಟಿನ್ ಅವರ ಕಾದಂಬರಿಯಲ್ಲಿ ನಾಡೊಂದು ಬೆಂಕಿ ಉಗುಳಿ ಮುಳುಗಿದ್ದರಿಂದ ವಿದ್ಯೆ ಅಳಿಯುತ್ತದೆ. ನಿಜ ಜೀವನದಲ್ಲಿ ಅಷ್ಟು ದೊಡ್ಡ ಅನಾಹುತ ಬೇಕಾಗಲಿಲ್ಲ.

ಮತ್ತೆ ಅದನ್ನು ಬದುಕಿಸಿದ ಕಥೆಯೂ ಕುಲುಮೆಯದೇ. 1990ರ ದಶಕದಲ್ಲಿ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾನಿಲಯದ ಲೋಹಶಾಸ್ತ್ರಜ್ಞ ಜಾನ್ ವರ್‌ಹೋವನ್ ಮತ್ತು ಫ್ಲಾರಿಡಾದ ಆಲ್ಫ್ರೆಡ್ ಪೆಂಡ್ರೆ ಜೊತೆಗೂಡಿದರು. ಪೆಂಡ್ರೆ ಕುದುರೆಗಳಿಗೆ ಲಾಳ ಕಟ್ಟುವ ವೃತ್ತಿಯವರು, ಕತ್ತಿ ಬಡಿಯುವ ಹವ್ಯಾಸದವರು. ಒಬ್ಬರ ಬಳಿ ಸೂಕ್ಷ್ಮದರ್ಶಕ, ಇನ್ನೊಬ್ಬರ ಬಳಿ ಸುತ್ತಿಗೆ. ಮೂಸೆಯ ಉಕ್ಕು ಮಾಡಿದರೂ ಒಮ್ಮೆ ಗೆರೆ ಮೂಡುತ್ತಿತ್ತು, ಒಮ್ಮೆ ಮೂಡುತ್ತಿರಲಿಲ್ಲ. ಕೊನೆಗೆ ತಿಳಿದದ್ದು: ಅದಿರಿನಲ್ಲಿ ವೆನೇಡಿಯಂನಂಥ ಧಾತುಗಳು ಲಕ್ಷ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಸಾಕು, ಕಬ್ಬಿಣ ಮತ್ತು ಇಂಗಾಲ ಸೇರಿದ ಗಡಸು ಕಣಗಳು ಸಾಲು ಸಾಲಾಗಿ ನಿಲ್ಲುತ್ತವೆ. ಹದವಾದ ಕಾವಿನಲ್ಲಿ ಮತ್ತೆ ಮತ್ತೆ ಬಡಿದಾಗ ಆ ಸಾಲುಗಳೇ ಅಲೆಯಾಗಿ ಕಾಣುತ್ತವೆ. ಆ ಕಲ್ಮಶವಿಲ್ಲದ ಅದಿರಿನಿಂದ ಎಷ್ಟೇ ನಿಷ್ಠೆಯಿಂದ ಮಾಡಿದರೂ ಗೆರೆಯಿಲ್ಲ. ಹಳೆಯ ಗಣಿ ಬದಲಾದ ದಿನ ಎಷ್ಟೋ ಕಮ್ಮಾರರು ತಮ್ಮ ಕೈಯೇ ಕೆಟ್ಟಿತೆಂದು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ವಿಜ್ಞಾನಿಗಳು ಹದಿನೇಳನೆಯ ಶತಮಾನದ ಡಮಾಸ್ಕಸ್ ಕತ್ತಿಯೊಂದರ ಚೂರಿನಲ್ಲಿ ಇಂಗಾಲದ ಅತಿ ಸೂಕ್ಷ್ಮ ನಳಿಕೆಗಳನ್ನು ಕಂಡದ್ದಾಗಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಕೂಡಲೇ 'ಪ್ರಾಚೀನರಿಗೆ ನ್ಯಾನೋ ತಂತ್ರಜ್ಞಾನ ಗೊತ್ತಿತ್ತು' ಎಂಬ ಡಂಗುರ ಎದ್ದಿತು. ಇದು ಡ್ರ್ಯಾಗನ್ ಬೆಂಕಿಯ ಕಥೆಯ ಇನ್ನೊಂದು ರೂಪವಷ್ಟೆ. ಹೆಪ್ಪು ಹಾಕಿ ಮೊಸರು ಮಾಡುವ ಅಜ್ಜಿಗೆ ಸೂಕ್ಷ್ಮಾಣುಶಾಸ್ತ್ರ ಗೊತ್ತಿತ್ತು ಎಂದರೆ ಅಜ್ಜಿಯ ಜಾಣ್ಮೆಗೆ ಏನೂ ಹೆಚ್ಚು ಸೇರುವುದಿಲ್ಲ. ಇವತ್ತಿನ ಒಳ್ಳೆಯ ಮಿಶ್ರ ಉಕ್ಕುಗಳು ಹಲವು ಗುಣಗಳಲ್ಲಿ ಆ ಹಳೆಯ ಉಕ್ಕನ್ನು ಮೀರಿಸುತ್ತವೆ ಎಂಬುದನ್ನೂ ಮರೆಯಬಾರದು.

ಪರದೆಯ ಮೇಲಿನ ಕತ್ತಿಗಳ ಬಗ್ಗೆ ಒಂದೆರಡು ಮಾತು. 1982ರ 'ಕೋನನ್ ದಿ ಬಾರ್ಬೇರಿಯನ್' ಚಿತ್ರದ ಮೊದಲಲ್ಲೂ, 'ಗೇಮ್ ಆಫ್ ಥ್ರೋನ್ಸ್'ನ ನಾಲ್ಕನೆಯ ಕಂತುಮಾಲೆಯ ಆರಂಭದಲ್ಲೂ ಕೆಂಪಗೆ ಕರಗಿದ ಲೋಹವನ್ನು ಅಚ್ಚಿಗೆ ಸುರಿದು ಕತ್ತಿ ಎರಕ ಹೊಯ್ಯುತ್ತಾರೆ. ನೋಡಲು ಚೆಂದ. ಕಂಚಿಗಾದರೆ ಸರಿ. ಉಕ್ಕಿನ ಕತ್ತಿಯನ್ನು ಹಾಗೆ ಎರಕ ಹೊಯ್ದರೆ ಒಳಗೆ ದಪ್ಪ ಹರಳು, ಗಾಳಿಗುಳ್ಳೆ ಉಳಿದು ಮೊದಲ ಏಟಿಗೇ ತುಂಡಾದೀತು. ಮೂಸೆಯ ಉಕ್ಕೂ ಕರಗಿದ್ದೇ, ನಿಜ. ಆದರೆ ಗಟ್ಟಿಯಾದ ಮೇಲೆ ಅದನ್ನು ಮಂದವಾದ ಕೆಂಪು ಕಾವಿನಲ್ಲಿ ತಾಳ್ಮೆಯಿಂದ ಬಡಿಯಬೇಕಿತ್ತು. ಬಿಳಿ ಕಾವಿಗೆ ಒಗ್ಗಿದ್ದ ಯೂರೋಪಿನ ಕಮ್ಮಾರರ ಸುತ್ತಿಗೆಯಡಿ ಅದು ಪುಡಿಪುಡಿಯಾಗುತ್ತಿತ್ತು. ಇನ್ನು ಒರೆಯಿಂದ ಕತ್ತಿ ಹಿರಿದಾಗ ಕೇಳುವ 'ಝಣ್' ಸದ್ದು: ಒರೆ ಮರದ್ದು, ತೊಗಲಿನದು, ಸದ್ದೆಲ್ಲಿಂದ ಬರಬೇಕು? ತೂಕವೂ ಅಷ್ಟೆ. ಒಂದು ಕೈಯ ಮಧ್ಯಯುಗದ ಕತ್ತಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಿಲೋ. ಏಳನೇ ತರಗತಿಯ ಮಗುವಿನ ಪುಸ್ತಕದ ಚೀಲ ಅದಕ್ಕಿಂತ ಭಾರ.

ಎಲ್ಲ ತಪ್ಪೂ ಸಿನಿಮಾದವರದಲ್ಲ. ಹನ್ನೆರಡನೆಯ ಶತಮಾನದ ಯೂರೋಪಿನ ಥಿಯೋಫಿಲಸ್ ಎಂಬ ಕುಶಲಕರ್ಮಿ ಸನ್ಯಾಸಿ ತನ್ನ ಗ್ರಂಥದಲ್ಲಿ ಉಕ್ಕಿನ ಉಪಕರಣಕ್ಕೆ ಹದ ಕೊಡಲು ಕೆಂಗೂದಲಿನ ಪುಟ್ಟ ಹುಡುಗನ ಮೂತ್ರ ಲೇಸೆಂದು ಬರೆದಿದ್ದಾನೆ. ತರಗತಿಯಲ್ಲಿ ಇದನ್ನು ಹೇಳಿದರೆ ಹಿಂದಿನ ಬೆಂಚಿನಿಂದ ನಗು ಖಂಡಿತ. ಆದರೆ ಉಪ್ಪು ಬೆರೆತ ನೀರು ಬರಿಯ ನೀರಿಗಿಂತ ಬೇಗ ಕಾವು ಎಳೆದುಕೊಳ್ಳುತ್ತದೆ ಎಂಬುದು ನಿಜ. ಕೂದಲಿನ ಬಣ್ಣಕ್ಕೆ ಮಾತ್ರ ಏನೂ ಆಧಾರವಿಲ್ಲ.

ಬೆಂಗಳೂರಿನಲ್ಲೂ ಈ ಉಕ್ಕಿನ ಬೆನ್ನು ಹತ್ತಿದವರಿದ್ದಾರೆ. ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಸೇರಿ 2004ರಲ್ಲಿ ವೂಟ್ಸ್ ಕುರಿತು ಪುಸ್ತಕ ಹೊರತಂದರು. ತಮಿಳುನಾಡಿನ ಮೇಲ್‌ಸಿರುವಲೂರಿನಂಥ ಊರುಗಳಲ್ಲಿ ಒಡೆದ ಮೂಸೆಗಳ ಚೂರು ಹೆಕ್ಕಿ, ಒಳಗೆ ಅಂಟಿದ ಲೋಹವನ್ನು ಪರೀಕ್ಷಿಸಿ ತಿಳಿದ ಸಂಗತಿಗಳು ಅದರಲ್ಲಿವೆ. ಕತ್ತಿಗಳು ದೊರೆಗಳ ಹೆಸರಿನೊಂದಿಗೆ ವಸ್ತುಸಂಗ್ರಹಾಲಯಗಳಲ್ಲಿವೆ. ಮೂಸೆ ಮಾಡಿದವರ ಗುರುತು ತಿಪ್ಪೆಯಲ್ಲಿ ಸಿಕ್ಕ ಈ ಮಣ್ಣಿನ ಚೂರುಗಳಲ್ಲಿ ಮಾತ್ರ ಇದೆ.

ಬುಕನನ್ ತನ್ನ ಪ್ರವಾಸದಲ್ಲಿ ಚನ್ನಪಟ್ಟಣಕ್ಕೂ ಹೋಗಿದ್ದ. ಗೊಂಬೆಗಳಿಗೆ ಹೆಸರಾದ ಆ ಊರು ಆಗ ಇನ್ನೊಂದು ವಸ್ತುವಿಗೆ ಹೆಸರಾಗಿತ್ತು. ಅಲ್ಲಿ ಉಕ್ಕನ್ನು ಎಳೆದು ಎಳೆದು ತೆಳುವಾದ ತಂತಿ ಮಾಡುತ್ತಿದ್ದರು. ಆ ತಂತಿ ದೇಶದ ದೂರದೂರದ ಊರುಗಳಿಗೆ ಹೋಗುತ್ತಿತ್ತು, ವಾದ್ಯಗಳಿಗೆ ಕಟ್ಟಲು.